ಮೊಟ್ಟೆ ಇಡದ ಕಪ್ಪೆ, ಅದಿರು ತುಂಬಿದ ಬೆಟ್ಟ

ಪಶ್ಚಿಮ ಆಫ್ರಿಕಾದ ಗಿನಿ, ಐವರಿ ಕೋಸ್ಟ್, ಲೈಬೀರಿಯಾ ಮೂರೂ ದೇಶಗಳ ಗಡಿ ಸೇರುವ ಜಾಗದಲ್ಲಿ ನಿಂಬಾ ಬೆಟ್ಟಸಾಲು ಇದೆ. ತುತ್ತತುದಿ 1,752 ಮೀಟರ್. ಬುಡದಲ್ಲಿ ದಟ್ಟ ಕಾಡು, ನೆತ್ತಿಯಲ್ಲಿ ಬರೀ ಹುಲ್ಲು ಮತ್ತು ಮಂಜು. ಸುಮಾರು 1,200 ಮೀಟರ್‌ಗಿಂತ ಮೇಲಿನ ಈ ಹುಲ್ಲುಗಾವಲುಗಳೇ ನಿಂಬಾ ನೆಲಗಪ್ಪೆಯ ಮನೆ. ಎರಡು ಸೆಂಟಿಮೀಟರ್ ಆಸುಪಾಸಿನ ಈ ಪುಟಾಣಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಕಪ್ಪೆ ಅಂದರೆ ನೀರಲ್ಲಿ ಮೊಟ್ಟೆ, ಆಮೇಲೆ ಗೊದಮೊಟ್ಟೆ, ಅಲ್ವಾ? ಇದಕ್ಕೆ ಅದ್ಯಾವುದೂ ಬೇಡ. ಇದು ನೇರವಾಗಿ ಮರಿ ಹಾಕುತ್ತದೆ. ಮರಿ ಹಾಕುವ ಕಪ್ಪೆಗಳು ಇನ್ನೂ ಕೆಲವಿವೆ. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಮರಿ ಮೊಟ್ಟೆಯೊಳಗಿನ ಹಳದಿಯನ್ನೇ ತಿಂದು ಬೆಳೆಯುತ್ತದೆ. ತಾಯಿಯ ಹೊಟ್ಟೆ ಸುಮ್ನೆ ಒಂದು ಜಾಗ, ಅಷ್ಟೇ. ನಿಂಬಾ ಕಪ್ಪೆಯ ಮೊಟ್ಟೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದೊಡ್ಡದು, ಅದರಲ್ಲಿ ಹಳದಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗರ್ಭಕೋಶದಲ್ಲಿ ಒಸರುವ ರಸವನ್ನು ಕುಡಿದು ಮರಿ ಬೆಳೆಯಬೇಕು. ಬಸಿರು ಸುಮಾರು ಒಂಬತ್ತು ತಿಂಗಳು! ಮಳೆಗಾಲ ಮುಗಿಯುವ ಹೊತ್ತಿಗೆ ಬಸಿರಾದ ತಾಯಿ ಬೇಸಿಗೆಯಿಡೀ ನೆಲದೊಳಗೆ ಅಡಗಿರುತ್ತದೆ. ಆಗ ಮರಿಗಳ ಬೆಳವಣಿಗೆಯೂ ನಿಧಾನ. ಮಳೆ ಶುರುವಾದರೆ ತಾಯಿ ಹೊರಬಂದು ಮೇಯುತ್ತದೆ, ಮರಿಗಳು ಸರಸರ ಬೆಳೆಯುತ್ತವೆ. ಜೂನ್ ಹೊತ್ತಿಗೆ ಹೆರಿಗೆ. ಗರ್ಭಕೋಶಕ್ಕೆ ಮರಿಯನ್ನು ತಳ್ಳುವ ಶಕ್ತಿ ಇಲ್ಲ. ತಾಯಿ ಗಾಳಿ ತುಂಬಿಕೊಂಡು ಮೈ ಉಬ್ಬಿಸಿ, ಆ ಒತ್ತಡದಲ್ಲೇ ಮರಿಗಳನ್ನು ಹೊರಹಾಕುತ್ತದೆ. ಮರಿಯ ಉದ್ದ 7 ಮಿಲಿಮೀಟರ್ ಚಿಲ್ಲರೆ. ನನಗಂತೂ ಇದು ಕಾಂಗರೂವಿನ ಚೀಲಕ್ಕಿಂತ ದೊಡ್ಡ ಸೋಜಿಗ.

ಒಟ್ಟಿನಲ್ಲಿ ಮಂಜು, ಮಳೆ, ಹುಲ್ಲು, ಒಣಗಾಲದಲ್ಲಿ ಅಡಗಲು ತೇವದ ನೆಲ, ಇವೆಲ್ಲ ಒಂದೇ ಕಡೆ ಸಿಗಬೇಕು. ಕಷ್ಟವೆಂದರೆ, ಆ ಹುಲ್ಲಿನ ಕೆಳಗೇ ಉತ್ತಮ ದರ್ಜೆಯ ಕಬ್ಬಿಣದ ಅದಿರಿದೆ. ಲೈಬೀರಿಯಾ ಬದಿಯಲ್ಲಿ 1960ರ ದಶಕದಿಂದಲೇ ದೊಡ್ಡ ಗಣಿಗಾರಿಕೆ ನಡೆದು ಬೆಟ್ಟದ ನೆತ್ತಿಯೇ ಕರಗಿತು. ಆ ಬದಿಯಲ್ಲಿ ಇನ್ನೂ ಕಪ್ಪೆ ಉಳಿದಿದೆ ಎಂಬ ವರದಿ ಬಂದಿದ್ದು 2010ರಲ್ಲಿ. ಗಿನಿಯ ಭಾಗ 1981ರಲ್ಲಿ, ಐವರಿ ಕೋಸ್ಟ್‌ನ ಭಾಗ 1982ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 1992ರಲ್ಲಿ ಅದೇ ತಾಣ 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೂ ಸೇರಿತು. ಗಿನಿಯಲ್ಲಿ ಅದಿರಿರುವ ಜಾಗವನ್ನೇ ಸಂರಕ್ಷಿತ ಪ್ರದೇಶದಿಂದ ಹೊರಗಿಟ್ಟು ಗಡಿ ಎಳೆದಿದ್ದಾರೆ. ಆ ಗೆರೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಗಣಿಯ ದೂಳು ಅದರಾಚೆಗೂ ಹಾರುತ್ತದೆ.

ಗಣಿ ಮುಗಿದ ಮೇಲೆ ಗಿಡ ನೆಟ್ಟು ಸರಿಮಾಡುತ್ತೇವೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹುಲ್ಲನ್ನೇನೋ ಮತ್ತೆ ಬೆಳೆಸಬಹುದು, ಕಡಿದು ಸಾಗಿಸಿದ ನೆತ್ತಿಯ ಎತ್ತರವನ್ನು ಯಾರೂ ವಾಪಸ್ ತರಲಾರರು.