ಪೋರ್ಟ್ ಸನ್‌ಲೈಟ್ ನೋಟ್ಸ್: ಆ ಬಾಡಿಗೆ ಲೆಕ್ಕ ಕೊನೆಗೂ ಅರ್ಥ ಆಯ್ತು

ಕಾರ್ಮಿಕರಿಗೆ ಅಂತ ಕಟ್ಟಿದ ಮಾದರಿ ಹಳ್ಳಿಗಳ ಪಾಠದಲ್ಲಿ ಎರಡು ದಿನದಿಂದ ಪೋರ್ಟ್ ಸನ್‌ಲೈಟ್ (ಇಂಗ್ಲೆಂಡಲ್ಲಿ ಸೋಪು ಫ್ಯಾಕ್ಟರಿ ಕಾರ್ಮಿಕರಿಗೆ ಕಟ್ಟಿದ ಹಳ್ಳಿ) ಮನೆ ಬಾಡಿಗೆಯ ಒಂದೇ ಪುಟಕ್ಕೆ ಸಿಕ್ಕಾಕೊಂಡಿದ್ದೆ, ನಿನ್ನೆ ರಾತ್ರಿ ತಲೆಗೆ ಹೋಯ್ತು, ಮರೆಯೋಕೆ ಮುಂಚೆ ಬರೆದಿಡ್ತಿದೀನಿ. ಇಂಡಸ್ಟ್ರಿಯಲ್ ರೆವಲ್ಯೂಷನ್, ಕಾಲರಾ, ಒಂದೇ ರೂಮಲ್ಲಿ ಹತ್ತು ಜನ, ಇಂಥ ಹಳ್ಳಿ ಯಾಕೆ ಬೇಕಾಯ್ತು ಅನ್ನೋ ಈ ಹಿನ್ನೆಲೆಯೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟೆ.

ಮೊದ್ಲು ಆರ್ಡರ್. ಬ್ರಿಟನ್ನಿನ ನಾಲ್ಕು ಹಳ್ಳಿ ಕಡ್ಡಾಯವಾಗಿ ನೆನಪಿರಬೇಕು, ನಾನು ಇಟ್ಕೊಂಡಿರೋ ಉಪಾಯ ಇದು (ಒಂದೊಂದು ಹಳ್ಳಿಗೆ ಅಲ್ಲಿ ತಯಾರಾಗ್ತಿದ್ದ ಒಂದೊಂದು ವಸ್ತು): ಹತ್ತಿ ಅಂಗಿ ಹಾಕ್ಕೋ, ಮೇಲೆ ಉಣ್ಣೆ ಸ್ವೆಟರ್ ಹಾಕ್ಕೋ, ಎರಡನ್ನೂ ಸೋಪಲ್ಲಿ ಒಗಿ, ಒಣಗೋವರೆಗೂ ಚಾಕೊಲೇಟ್ ತಿಂತಾ ಕೂತ್ಕೋ. ಹತ್ತಿ ಅಂದ್ರೆ ಸ್ಕಾಟ್‌ಲೆಂಡಿನ ನ್ಯೂ ಲಾನಾರ್ಕ್, 1786 (ಶುರು ಮಾಡಿದ್ದು ಡೇವಿಡ್ ಡೇಲ್, ರಾಬರ್ಟ್ ಓವೆನ್ ಅಲ್ಲ, ಅವ್ನು ಮ್ಯಾನೇಜರ್ ಆಗಿ ಬಂದಿದ್ದು 1800ರಲ್ಲಿ). ಉಣ್ಣೆ ಅಂದ್ರೆ ಬ್ರ್ಯಾಡ್‌ಫರ್ಡ್ ಹತ್ರದ ಸಾಲ್ಟೇರ್, ಟೈಟಸ್ ಸಾಲ್ಟ್, 1851ರಲ್ಲಿ ಶುರು. ಸೋಪು ಪೋರ್ಟ್ ಸನ್‌ಲೈಟ್, 1888. ಚಾಕೊಲೇಟ್ ಕ್ಯಾಡ್‌ಬರಿಯವರ ಬೋರ್ನ್‌ವಿಲ್, ಅಲ್ಲಿ ಫ್ಯಾಕ್ಟರಿ ಬಂದಿದ್ದು 1879ರಲ್ಲೇ, ಆದ್ರೆ ಹಳ್ಳಿ ಕಟ್ಟೋಕೆ ಶುರು ಮಾಡಿದ್ದು 1895ರಲ್ಲಿ, ಅದಕ್ಕೇ ಚಾಕೊಲೇಟ್ ಕೊನೇಲಿ.

ಈಗ ಸೋಪಿಗೆ ಬರೋಣ. ವಿಲಿಯಂ ಲೀವರ್, ಬೋಲ್ಟನ್ ಊರಿನ ದಿನಸಿ ವ್ಯಾಪಾರಿ ಮಗ. ಸನ್‌ಲೈಟ್ ಸೋಪು ಎಷ್ಟು ಓಡ್ತು ಅಂದ್ರೆ ವಾರಿಂಗ್ಟನ್‌ನಲ್ಲಿದ್ದ ಬಾಡಿಗೆ ಫ್ಯಾಕ್ಟರಿ ಸಾಕಾಗ್ಲಿಲ್ಲ, 1887ರಲ್ಲಿ ಮರ್ಸಿ ನದಿ ಪಕ್ಕ ವಿರಲ್ ಅನ್ನೋ ಕಡೆ 56 ಎಕರೆ ಜೌಗು ಜಾಗ ತಗೊಂಡ. ಜೌಗು ಯಾಕೆ ಅಂದ್ರೆ ಅಗ್ಗ, ಜೊತೆಗೆ ಎಣ್ಣೆ ತರೋಕೆ, ಸೋಪು ಸಾಗಿಸೋಕೆ ನೀರಿನ ದಾರಿ ಪಕ್ಕದಲ್ಲೇ. 1914ರ ಹೊತ್ತಿಗೆ ಸುಮಾರು 800 ಮನೆ, ಹತ್ರಹತ್ರ 30 ಆರ್ಕಿಟೆಕ್ಟ್‌ಗಳ ಕೈ ಬಿದ್ದಿದೆ, ಅದಕ್ಕೇ ಫೋಟೋದಲ್ಲಿ ನೋಡಿದ್ರೆ ಒಂದು ಸಾಲಿನ ಮನೆ ಥರ ಇನ್ನೊಂದು ಸಾಲು ಇರಲ್ಲ.

ನಾನು ಎಡವಿದ್ದು ಇಲ್ಲಿ. ಲೀವರ್ ತಾನು ಮಾಡ್ತಿರೋದು ಪ್ರಾಫಿಟ್ ಶೇರಿಂಗ್ (ಲಾಭ ಹಂಚೋದು) ಅಲ್ಲ, ಪ್ರಾಸ್ಪೆರಿಟಿ ಶೇರಿಂಗ್ (ಸಮೃದ್ಧಿ ಹಂಚೋದು) ಅಂತಿದ್ದ. ನಾನು ಎರಡೂ ಒಂದೇ, ಬರೀ ಮಾತಿನ ಆಟ ಅಂದ್ಕೊಂಡು ಮುಂದೆ ಹೋಗಿದ್ದೆ, ಆಮೇಲೆ ಪ್ರಶ್ನೇಲಿ ವ್ಯತ್ಯಾಸ ಬರೀರಿ ಅಂತ ಬಂದಾಗ ಪೆನ್ನೇ ಓಡ್ಲಿಲ್ಲ. ಗಂಟು ಇರೋದು ಬಾಡಿಗೇಲಿ. ಲೀವರ್ ತಗೋತಿದ್ದ ಬಾಡಿಗೆ ಮನೆ ರಿಪೇರಿ, ನಿರ್ವಹಣೆ, ಸ್ಥಳೀಯ ತೆರಿಗೆ ಇಷ್ಟಕ್ಕೆ ಸರಿಹೋಗ್ಬೇಕು ಅನ್ನೋ ಲೆಕ್ಕದ್ದು, ಮನೆಗೆ ಹಾಕಿದ ಬಂಡವಾಳಕ್ಕೆ ಬಡ್ಡಿ ಅದರಲ್ಲಿ ಸೇರಿಲ್ಲ. ಈ ಒಂದು ಸಾಲು ಅರ್ಥ ಆಗೋಕೆ ನಾನು ಒಂದು ಸುಳ್ಳು ಲೆಕ್ಕ ಹಾಕ್ಕೊಂಡೆ (ಅಂಕಿ ನನ್ನವು, ಇತಿಹಾಸದ್ದಲ್ಲ). ಮನೆ ಕಟ್ಟೋಕೆ 300 ಪೌಂಡ್ ಅಂತಿಟ್ಕೊಳ್ಳಿ, ಬಡ್ಡಿ 5%, ಅಂದ್ರೆ ವರ್ಷಕ್ಕೆ 15 ಪೌಂಡ್. ರಿಪೇರಿ ಮತ್ತು ತೆರಿಗೆ ಸೇರಿ 10. ಮಾಮೂಲಿ ಮನೆ ಓನರ್ ಆಗಿದ್ರೆ 25 ಕೇಳ್ತಾನೆ, ಲೀವರ್ ಕೇಳೋದು 10. ಉಳಿದ 15 ಪೌಂಡೇ ಕಾರ್ಮಿಕನ ಪಾಲು. ಆದ್ರೆ ಅದು ಅವನ ಜೇಬಿಗೆ ಬರೋದೇ ಇಲ್ಲ! ಗೋಡೆ, ಛಾವಣಿ, ತೋಟದ ರೂಪದಲ್ಲಿ ಇರುತ್ತೆ. ಅದೇ 15 ಪೌಂಡನ್ನ ಲಾಭದ ಪಾಲು ಅಂತ ಕೈಗೆ ಕೊಟ್ಟಿದ್ರೆ ಪ್ರಾಫಿಟ್ ಶೇರಿಂಗ್, ಅವ್ನು ಕುಡೀಲಿ, ಕೂಡಿಡ್ಲಿ, ಯಾರೂ ಕೇಳೋ ಹಾಗಿಲ್ಲ. ಲೀವರ್‌ಗೆ ಬೇಡವಾಗಿದ್ದೂ ಅದೇ, ಕೈಗೆ ಕೊಟ್ರೆ ವಿಸ್ಕಿಗೆ, ಕ್ರಿಸ್‌ಮಸ್ ಹಬ್ಬದ ಬಾತುಕೋಳಿಗೆ ಹೋಗುತ್ತೆ, ನನ್ನ ಹತ್ರ ಬಿಡಿ, ನಿಮ್ಮ ಬದುಕು ಚೆನ್ನಾಗಿ ಆಗೋ ಹಾಗೆ ನಾನೇ ಖರ್ಚು ಮಾಡ್ತೀನಿ ಅನ್ನೋ ಧಾಟಿ ಅವನದು.

ಇನ್ನೂ ಒಂದು ಹೆಜ್ಜೆ ಇದೆ, ಪರೀಕ್ಷೇಲಿ ಮಾರ್ಕ್ಸು ಹೋಗೋದು ಇಲ್ಲೇ. ಮನೆ ಅನ್ನೋದು ಫ್ಯಾಕ್ಟರಿ ಕೆಲಸಕ್ಕೆ ಅಂಟಿಕೊಂಡಿದ್ದು, ಕೆಲಸ ಬಿಟ್ರೆ ಮನೇನೂ ಬಿಡ್ಬೇಕು. ಕೈಗೆ ಬಂದ 15 ಪೌಂಡ್ ಆಗಿದ್ರೆ ಕೆಲಸ ಹೋದ್ರೂ ಅವನದೇ. ಮನೆ ರೂಪದಲ್ಲಿರೋ 15 ಪೌಂಡ್ ಕೆಲಸದ ಜೊತೆಗೇ ಕರಗಿ ಹೋಗುತ್ತೆ. ಅಂದ್ಮೇಲೆ ಮುಷ್ಕರಕ್ಕೆ ಕೈ ಎತ್ತೋ ಮುಂಚೆ ಹೆಂಡ್ತಿ ಮಕ್ಕಳ ಮುಖ ನೆನಪಾಗಲ್ವಾ. 1919ರಲ್ಲಿ ಬೋಲ್ಟನ್ನಿನ ಎಂಜಿನಿಯರ್‌ಗಳ ಯೂನಿಯನ್ ಕಾರ್ಯದರ್ಶಿ ಲೀವರ್‌ಗೆ ಬರೆದ ಪತ್ರದ ಸಾರಾಂಶ ಇದೇ, ಸ್ವತಂತ್ರ ಮನಸ್ಸಿರೋನು ಆ ಊರಿನ ಗಾಳಿ ಜಾಸ್ತಿ ದಿನ ಕುಡಿಯೋಕಾಗಲ್ಲ ಅಂತ. ಬೋರ್ನ್‌ವಿಲ್ ಜೊತೆ ಹೋಲಿಸಿ ಅಂದ್ರೆ ಈ ಪಾಯಿಂಟ್ ಮೊದ್ಲು ಬರೀರಿ: ಅಲ್ಲಿ ಮನೆಗಳು ಕ್ಯಾಡ್‌ಬರಿ ನೌಕರರಿಗೆ ಮಾತ್ರ ಅಂತ ಇರ್ಲಿಲ್ಲ, 1900ರಲ್ಲಿ ಹಳ್ಳಿನೇ ಟ್ರಸ್ಟ್‌ಗೆ ಕೊಟ್ರು.

ಸಣ್ಣಪುಟ್ಟವು ಬೇಗ ಬೇಗ. 1909ರ ಕೋ-ಪಾರ್ಟ್‌ನರ್‌ಶಿಪ್ ಸ್ಕೀಮ್ (ನೌಕರರಿಗೆ ಕಂಪನಿ ಲಾಭದಲ್ಲಿ ಪಾಲು ಕೊಡೋದು) ಬೇರೆ ವಿಷಯ, ಬಾಡಿಗೆ ಜೊತೆ ಕಲಸಬೇಡಿ. ಪೋರ್ಟ್ ಸನ್‌ಲೈಟಿನ ಬ್ರಿಡ್ಜ್ ಇನ್ 1900ರಲ್ಲಿ ಮದ್ಯ ಇಲ್ಲದ ಹೋಟೆಲ್ ಆಗಿ ಶುರುವಾಯ್ತು, ಆಮೇಲೆ ಊರವರ ವೋಟು ಹಾಕ್ಸಿದ್ರೆ 80%ಗಿಂತ ಜಾಸ್ತಿ ಜನ ಮದ್ಯ ಬೇಕು ಅಂದ್ರು, ಲೀವರ್‌ಗೆ ಇಷ್ಟ ಇಲ್ದಿದ್ರೂ ಒಪ್ಕೊಂಡ (ಇದು ಓದಿ ನಕ್ಕೆ). ಲೇಡಿ ಲೀವರ್ ಆರ್ಟ್ ಗ್ಯಾಲರಿ 1922, ತೀರಿಹೋದ ಹೆಂಡತಿ ನೆನಪಿಗೆ. 1911ರಿಂದ ಬೆಲ್ಜಿಯನ್ ಕಾಂಗೋದಲ್ಲಿ ಲೀವರ್‌ವಿಲ್ ಅನ್ನೋ ಊರು, ಅಲ್ಲಿ ಸೋಪಿಗೆ ಬೇಕಾದ ತಾಳೆ ಎಣ್ಣೆಗೆ ಬಲವಂತದ ದುಡಿಮೆ ನಡೀತಿತ್ತು, ಅದೇ ಲೀವರ್, ಇದನ್ನ ಬಿಟ್ಟು ಬರೆದ್ರೆ ಉತ್ತರ ಅರ್ಧ.

ನನಗೆ ತುಂಬಾ ಇಷ್ಟ ಆಗಿದ್ದು ಪೋರ್ಟ್ ಸನ್‌ಲೈಟಿನ ಮನೆ ಮುಂದಿನ ಕೈತೋಟದ ಕಥೆ. ಶುರುವಲ್ಲಿ ಅದನ್ನ ಬಾಡಿಗೆದಾರರ ಕೈಗೇ ಬಿಟ್ಟಿದ್ರು, ಅವ್ರು ಅಲ್ಲಿ ಕೋಳಿ ಸಾಕಿದ್ರು, ಕಸ ಸುರಿದ್ರು, ಕಂಪನಿ ಮಾನ ಹೋಗುತ್ತೆ ಅಂತ ತೋಟಗಳನ್ನ ತಾನೇ ವಹಿಸ್ಕೊಂಡು ಹುಲ್ಲು ಕತ್ತರಿಸೋಕೆ ಶುರು ಮಾಡ್ತು. ತರಕಾರಿ ಬೆಳೀಬೇಕು ಅನ್ನೋರಿಗೆ ಮನೆ ಸಾಲುಗಳ ಹಿಂದೆ, ರಸ್ತೆಗೆ ಕಾಣದ ಹಾಗೆ ತುಂಡು ಜಾಗ. 1980ರ ದಶಕದಿಂದ ಮನೆಗಳು ಖಾಸಗಿಯವರಿಗೆ ಮಾರಾಟ ಆದ್ವು, 1999ರಲ್ಲಿ ಹಳ್ಳಿ ಟ್ರಸ್ಟ್ ಕೈಗೆ ಹೋಯ್ತು, ಮನೆ ಸ್ವಂತದ್ದಾದ್ರೂ ಮುಂದಿನ ತೋಟ ನೋಡ್ಕೊಳ್ಳೋದು ಈಗ್ಲೂ ಟ್ರಸ್ಟೇ.