ಚಟುವಟಿಕೆ ನಡೆದರೂ ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲವೇಕೆ?

ಓದುಗರ ಪ್ರಶ್ನೆ: ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳು ಇಂಗ್ಲಿಷ್ ಹಾಡು, ಆಟಗಳಲ್ಲಿ ಹುರುಪಿನಿಂದ ಸೇರಿಕೊಳ್ಳುತ್ತಾರೆ, ಒಂದು ಪ್ರಶ್ನೆ ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. ಚಟುವಟಿಕೆಯಿಂದ ಮಾತು ಬರುತ್ತದೆಂಬುದು ನಿಜವೇ?

ಉತ್ತರ: ನಿಜ, ಆದರೆ ಮಾತಾಡದೆ ಮುಗಿಸಲಾಗದ ಚಟುವಟಿಕೆಯಿಂದ ಮಾತ್ರ. ಹಾಡು, ಅಭಿನಯಗಳು ಅಂಜಿಕೆಯನ್ನು ಕಳೆಯುತ್ತವೆ, ನಾಲಿಗೆಯನ್ನು ಪಳಗಿಸುತ್ತವೆ. ಆದರೆ ಏನು ಹೇಳಬೇಕೆಂಬುದು ಅಲ್ಲಿ ಮೊದಲೇ ಗೊತ್ತಿರುವುದರಿಂದ ಮಗು ತಾನಾಗಿ ವಾಕ್ಯ ಕಟ್ಟುವ ಪ್ರಮೇಯವೇ ಬರುವುದಿಲ್ಲ.

ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾದ ಪ್ರಯೋಗದಲ್ಲಿ, ವ್ಯಾಕರಣ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಸಮಸ್ಯೆಗಳನ್ನು ಬಿಡಿಸಲು ಕೊಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯ ರಚನೆ ಅರಿವಿಲ್ಲದೆಯೇ ಮೈಗೂಡುತ್ತದೆ ಎಂಬುದು ಅವರ ನಿಲುವು.

ಇದನ್ನೇ ನಮ್ಮ ಬಸ್ ನಿಲ್ದಾಣಕ್ಕೆ ತನ್ನಿ. ಜೋಡಿಯಲ್ಲಿ ಒಬ್ಬರ ಚೀಟಿಯಲ್ಲಿ ಬಸ್ಸುಗಳು ಹೊರಡುವ ಸಮಯವಿರಲಿ, ಇನ್ನೊಬ್ಬರದರಲ್ಲಿ ಟಿಕೆಟ್ ದರವಿರಲಿ. ಪರಸ್ಪರ ಚೀಟಿ ನೋಡದೆ, ನೂರು ರೂಪಾಯಿಯೊಳಗೆ ಮಧ್ಯಾಹ್ನಕ್ಕೆ ಮುಂಚೆ ಹೊರಡುವ ಬಸ್ಸನ್ನು ಇಬ್ಬರೂ ಸೇರಿ ಹುಡುಕಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ 40 ನಿಮಿಷದ ಅವಧಿಯಲ್ಲಿ ತಲೆಗೆ ಒಂದು ನಿಮಿಷವೂ ದಕ್ಕದು. ಜೋಡಿಯಲ್ಲಾದರೆ ಕಾಲು ಗಂಟೆಯಲ್ಲೇ ಪ್ರತಿ ಮಗುವಿಗೂ ಏಳು ನಿಮಿಷ ಸಿಗುತ್ತದೆ. ಗದ್ದಲವಾಗುತ್ತದೆ, ಪಕ್ಕದ ಕೋಣೆಯವರು ಮುಖ ಸಿಂಡರಿಸಲೂಬಹುದು.

ಕುತೂಹಲದ ಸಂಗತಿಯೆಂದರೆ, ಮಕ್ಕಳು ಒಬ್ಬರಿಂದೊಬ್ಬರು ತಪ್ಪು ಇಂಗ್ಲಿಷನ್ನೇ ಕಲಿತಾರೆಂದು ಪ್ರಭು ಅವರು ಗುಂಪು ಕೆಲಸವನ್ನು ಅಷ್ಟಾಗಿ ಮೆಚ್ಚಲಿಲ್ಲ. ಆ ಆತಂಕ ನಿರಾಧಾರವಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರಶ್ನೆಗೆ ‘ಡಸ್’ನಂಥ ಸಹಾಯಕ ಪದವೂ ಬೇಕಿಲ್ಲ, ಹಾಗಾಗಿ ‘ಬಸ್ ವಾಟ್ ಟೈಮ್ ಲೀವ್?’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆದರೂ ನಲವತ್ತು ಮಕ್ಕಳ ಮೌನಕ್ಕಿಂತ ಈ ತಪ್ಪು ಮಾತೇ ಮೇಲೆಂದು ನನಗನಿಸುತ್ತದೆ. ಮೊದಲು ಒಬ್ಬ ವಿದ್ಯಾರ್ಥಿಯೊಡನೆ ನೀವೇ ಒಂದು ಸುತ್ತು ಆಡಿ ತೋರಿಸಿದರೆ ಸರಿಯಾದ ವಾಕ್ಯ ಎಲ್ಲರ ಕಿವಿಗೂ ಬೀಳುತ್ತದೆ. ನಡುವೆ ತಡೆದು ತಿದ್ದಬೇಡಿ. ಪದೇ ಪದೇ ಕೇಳಿಬಂದ ಎರಡು ಮೂರು ತಪ್ಪುಗಳನ್ನು ಗುರುತು ಹಾಕಿಕೊಂಡು, ಯಾರ ಹೆಸರನ್ನೂ ಎತ್ತದೆ ಕೊನೆಯ ಐದು ನಿಮಿಷದಲ್ಲಿ ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಸರಿಪಡಿಸಿ. ಮರುದಿನ ಜೋಡಿ ಬದಲಿಸಿ, ಊರು, ದರಗಳನ್ನು ತಿದ್ದಿದ ಚೀಟಿಗಳೊಡನೆ ಅದೇ ಆಟವನ್ನು ಇನ್ನೊಮ್ಮೆ ಆಡಿಸಿ.