ನಲವತ್ತರ ನಂತರದ ಚರ್ಮ: ಸುಕ್ಕಿಗಿಂತ ಮೊದಲು ಬಣ್ಣ

ಬ್ಯೂಟಿಷಿಯನ್ ಕೋರ್ಸಿನಲ್ಲಿ ವಯಸ್ಸಾಗುವ ಚರ್ಮದ ಪಾಠ ಸಾಮಾನ್ಯವಾಗಿ ಸುಕ್ಕಿನಿಂದ ಶುರುವಾಗುತ್ತದೆ. ಕಣ್ಣಂಚಿನ ಗೆರೆ, ಹಣೆಯ ನೆರಿಗೆ, ಜೋತುಬಿದ್ದ ಗಲ್ಲ. ಅದನ್ನು ಓದಿಕೊಂಡು ಪಾರ್ಲರಿಗೆ ಹೋದರೆ, ಎದುರಿಗೆ ಕೂರುವ ನಲವತ್ತೈದರ ಹೆಂಗಸು ಕೇಳುವುದೇ ಬೇರೆ: ‘ಕೆನ್ನೆ ಮೇಲಿನ ಈ ಬಂಗು ಹೋಗುತ್ತಾ?’

ಪಾಠ ಸುಳ್ಳಲ್ಲ, ಬಿಳಿ ಚರ್ಮವನ್ನು ನೋಡಿ ಬರೆದದ್ದು ಅಷ್ಟೇ. ಚರ್ಮವನ್ನು ವಿಂಗಡಿಸಲು ನಾವು ಬಳಸುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯೇ ನೋಡಿ. 1975ರಲ್ಲಿ ಬಂದಾಗ ಅದರಲ್ಲಿದ್ದದ್ದು ನಾಲ್ಕೇ ವಿಧ, ಎಲ್ಲವೂ ಬಿಳಿಯರದ್ದು. ಕಂದು ಮತ್ತು ಕಪ್ಪು ಚರ್ಮಕ್ಕೆ 5 ಮತ್ತು 6 ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು ಬರುವುದು 4 ಮತ್ತು 5ರಲ್ಲಿ. ಇಂಥ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ. ಅದು ಬಿಸಿಲನ್ನು ಒಂದಿಷ್ಟು ತಡೆಯುವುದರಿಂದ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಿಸಿಲು, ಹಾರ್ಮೋನು, ಉರಿ, ಉಜ್ಜಾಟ, ಯಾವುದು ತಾಕಿದರೂ ಕಲೆ ಉಳಿಯುತ್ತದೆ. ಹಾಗಾಗಿ ನಮಗೆ ವಯಸ್ಸು ಮೊದಲು ಕಾಣುವುದು ಬಣ್ಣದಲ್ಲಿ, ಆಮೇಲೆ ಒಣಗುವುದರಲ್ಲಿ, ಕೊನೆಗೆ ಸುಕ್ಕಿನಲ್ಲಿ. ಆರೈಕೆಯ ಕ್ರಮವೂ ಅದೇ ಇರಬೇಕು ಅನ್ನುವುದು ನನ್ನ ಲೆಕ್ಕ.

ಬಿಸಿಲು

ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿಬಿ ಕಿರಣದ ಲೆಕ್ಕ, ಅಂದರೆ ಚರ್ಮ ಸುಡುವ ಕಿರಣದ್ದು. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಸುಮಾರು ಶೇ. 98. ಆ ಒಂದು ಅಂಶಕ್ಕಾಗಿ ಗ್ರಾಹಕರ ದುಡ್ಡು ಖರ್ಚು ಮಾಡಿಸಬೇಕಾಗಿಲ್ಲ. ನೋಡಬೇಕಾದ್ದು ಬಿಸಿಲಿನ ಇನ್ನೊಂದು ಕಿರಣ, ಯುವಿಎ. ಅದು ಒಳಪದರದವರೆಗೆ ಇಳಿದು ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಹಾಳು ಮಾಡುತ್ತದೆ, ಮೋಡ ಇದ್ದರೂ ಬರುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ. ಟ್ಯೂಬಿನ ಮೇಲೆ ಪಿಎ ಪಕ್ಕದ ಪ್ಲಸ್ ಗುರುತುಗಳು ಇದರದ್ದೇ.

ಇದಕ್ಕೆ 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಒಂದು ಫೋಟೋ ಸಾಕು. 28 ವರ್ಷ ಲಾರಿ ಓಡಿಸಿದ 69ರ ಚಾಲಕನ ಮುಖ. ಬಲಭಾಗ ವಯಸ್ಸಿಗೆ ತಕ್ಕ ಹಾಗಿದೆ. ಕಿಟಕಿಯ ಕಡೆಗಿದ್ದ ಎಡಭಾಗ ಮಾತ್ರ ದಪ್ಪಗಾಗಿ, ಆಳವಾಗಿ ನೆರಿಗೆಗಟ್ಟಿದೆ. ಒಂದೇ ಮುಖ, ಎರಡು ವಯಸ್ಸು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಕಿಟಕಿಗೆ ಸಿಗುವುದು ಬಲಗೆನ್ನೆ. ಚಾಲಕರು ಬಂದಾಗ ಎರಡೂ ಕೆನ್ನೆ ಹೋಲಿಸಿ ನೋಡಿ.

ಅಳತೆ: ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು. ಜನ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಇರುವ, ತುಸು ಬಣ್ಣದ ಸನ್‌ಸ್ಕ್ರೀನ್ ವಾಸಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ಸಾದಾ ಕ್ರೀಮು ತಡೆಯುವುದಿಲ್ಲ.

ಬಂಗಿಗೆ ಅಂತ ಮೆಡಿಕಲ್ ಶಾಪಿನ ಟ್ಯೂಬು

ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಬಂಗಿಗೆ ಕೊಡುವ ಒಂದು ಮಿಶ್ರಣದಲ್ಲಿ ಮೂರು ಔಷಧಿ ಇರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮತ್ತೆ ಒಂದು ಸ್ಟೀರಾಯ್ಡ್. ಡಾಕ್ಟರು ಕೆಲವು ವಾರಕ್ಕೆ ಅಂತ ಬರೆದುಕೊಡುತ್ತಾರೆ. ಮುಖ ಬೆಳ್ಳಗಾಗುತ್ತದೆ. ಅಲ್ಲಿಗೆ ನಿಲ್ಲಿಸುವುದು ಬಿಟ್ಟು ಅದೇ ಟ್ಯೂಬನ್ನು ವರ್ಷಗಟ್ಟಲೆ ಹಚ್ಚುತ್ತಾರೆ, ಅಕ್ಕನಿಗೆ ಹೇಳುತ್ತಾರೆ, ಪಕ್ಕದ ಮನೆಯವರಿಗೂ ಹೇಳುತ್ತಾರೆ. ಕ್ರಮೇಣ ಚರ್ಮ ತೆಳುವಾಗಿ, ಕೆನ್ನೆ ಕೆಂಪಾಗಿ, ಸಣ್ಣ ರಕ್ತನಾಳ ಎದ್ದು ಕಾಣುತ್ತವೆ. ಮೊಡವೆ, ಕೂದಲು ಜಾಸ್ತಿಯಾಗುತ್ತವೆ. ಹಚ್ಚುವುದು ಬಿಟ್ಟ ಕೂಡಲೇ ಉರಿ, ಆದ್ದರಿಂದ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದ ತಕ್ಷಣ ಸಿಗುವ ಅಂಗಡಿಗಳಿಗೇನೂ ಬರವಿಲ್ಲ.

ಫೇಶಿಯಲ್‌ಗೆ ಕೂರಿಸುವ ಮೊದಲೇ ‘ಯಾವ ಕ್ರೀಮ್ ಹಚ್ಚುತ್ತೀರಿ?’ ಅಂತ ಕೇಳಿ, ಟ್ಯೂಬಿನ ಫೋಟೋ ತೋರಿಸಲು ಹೇಳಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಈ ಮೂರು ಸ್ಟೀರಾಯ್ಡ್‌ಗಳಲ್ಲಿ ಒಂದು ಕಂಡರೂ ಬ್ಲೀಚ್, ಸ್ಕ್ರಬ್ ಎರಡೂ ಬೇಡ. ‘ಇವತ್ತೇ ಬಿಟ್ಟುಬಿಡಿ’ ಅಂತಲೂ ಹೇಳಬೇಡಿ. ಹೇಗೆ ಬಿಡಿಸಬೇಕು ಅನ್ನುವುದು ಚರ್ಮರೋಗ ವೈದ್ಯರ ಕೆಲಸ.

ಹಣೆಯ ಅಂಚು, ಕಪೋಲದ ಬದಿ, ಕಿವಿಯ ಹಿಂದೆ ಕಪ್ಪಾಗಿದ್ದರೆ ಬಂಗು ಅಂತ ತೀರ್ಮಾನಿಸುವ ಮೊದಲು ಹೇರ್ ಡೈ ಬಗ್ಗೆ ಕೇಳಿ. ನಲವತ್ತರಲ್ಲಿ ಡೈ ಶುರುವಾಗುವುದು, ಈ ಕಪ್ಪು ಶುರುವಾಗುವುದು ಬಹಳ ಸಲ ಜೊತೆಜೊತೆಗೇ. ಡೈಯಲ್ಲಿನ ಪಿಪಿಡಿ ಅನ್ನುವ ರಾಸಾಯನಿಕದ ಅಲರ್ಜಿ ಕೆಲವರಲ್ಲಿ ತುರಿಕೆಯೇ ಇಲ್ಲದೆ ಬರೀ ಕಪ್ಪಾಗಿ ಕಾಣಿಸುತ್ತದೆ. ‘ಕಪ್ಪು ಮೆಹಂದಿ’ ಪೊಟ್ಟಣಗಳಲ್ಲೂ ಪಿಪಿಡಿ ಇರುವುದುಂಟು. ಹಣೆಯ ಬೊಟ್ಟಿನ ಜಾಗ ಬೆಳ್ಳಗಾಗಿದ್ದರೆ ಅದು ಸ್ಟಿಕ್ಕರ್ ಅಂಟಿನ ಕೆಲಸ ಇರಬಹುದು. ಅಂಥವರಿಗೆ ಕುಂಕುಮಕ್ಕೆ ಮರಳಲು ಹೇಳಬಹುದು.

ಒಣಗುವುದು, ಆಮೇಲೆ ಸುಕ್ಕು

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದಂತೆ ಜಿಡ್ಡೂ ಇಳಿಯುತ್ತದೆ, ಕೊಲಾಜೆನ್ನೂ ಇಳಿಯುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜೆನ್ ಸುಮಾರು ಶೇ. 30ರಷ್ಟು ಹೋಗುತ್ತದೆ, ಆಮೇಲೆ ವರ್ಷಕ್ಕೆ ಸುಮಾರು ಶೇ. 2. ‘ಎರಡೇ ವರ್ಷದಲ್ಲಿ ಮುಖ ಬದಲಾಯಿತು’ ಅಂತ ಯಾರಾದರೂ ಅಂದರೆ ಅದು ಭ್ರಮೆ ಅಲ್ಲ.

ಸ್ನಾನದ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10, ಚರ್ಮದ್ದು ಸುಮಾರು 5. ಆದ್ದರಿಂದ ಮುಖಕ್ಕೆ ಸೋಪು ಬೇಡ. ಕುದಿಯುವಂಥ ನೀರೂ ಬೇಡ. ಮೈ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಕೈಕಾಲಿಗಾದರೆ ಕೊಬ್ಬರಿ ಎಣ್ಣೆಯೂ ಸಾಕು, ದುಬಾರಿ ಲೋಷನ್ನೇ ಆಗಬೇಕೆಂದಿಲ್ಲ. ಮುಖಕ್ಕೆ ಮೊಡವೆ ಬರುವವರು ಎಣ್ಣೆ ಬಿಡಬೇಕು. ನಿಂಬೆರಸ ಹಚ್ಚುವ ಸಲಹೆ ಮಾತ್ರ ಯಾರಿಗೂ ಕೊಡಬೇಡಿ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

ಸುಕ್ಕಿಗೆ ಹಚ್ಚುವ ಔಷಧಿಗಳಲ್ಲಿ ಗಟ್ಟಿ ಪುರಾವೆ ಇರುವುದು ವಿಟಮಿನ್ ಎ ಕುಟುಂಬಕ್ಕೆ. ಮೊಡವೆಗೆ ಆ ಕುಟುಂಬದ ಟ್ರೆಟಿನಾಯಿನ್ ಹಚ್ಚಿಕೊಂಡವರ ಚರ್ಮ ನುಣುಪಾಗಿದ್ದು ನೋಡಿ, 1986ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ತಂಡ ಬಿಸಿಲಿಗೆ ಹಾಳಾದ ಚರ್ಮದ ಮೇಲೆ ಅದರ ಪರಿಣಾಮ ಪ್ರಕಟಿಸಿತು. (ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದೂ ಇದೇ ಕ್ಲಿಗ್‌ಮನ್. ಪಠ್ಯದಲ್ಲಿ ಇರಲಿ ಬಿಡಲಿ, ನೀವು ತಿಳಿದಿರಿ.) ಟ್ರೆಟಿನಾಯಿನ್‌ಗೆ ಡಾಕ್ಟರ ಚೀಟಿ ಬೇಕು. ರೆಟಿನಾಲ್ ಅದರ ಮೆದು ತಮ್ಮ. ರಾತ್ರಿ ಹೊತ್ತು, ಕಡಲೆಕಾಳಿನಷ್ಟು, ವಾರಕ್ಕೆ ಎರಡು ಸಲದಿಂದ ಶುರು. ಅವಸರಪಟ್ಟು ದಿನಾ ಹಚ್ಚಿದರೆ ಚರ್ಮ ಸುಲಿಯುತ್ತದೆ, ನಮ್ಮ ಬಣ್ಣದವರಿಗೆ ಆ ಉರಿಯೇ ಕಲೆಯಾಗಿ ಉಳಿಯುತ್ತದೆ. ಬಸುರಿಯರಿಗೆ ಇವೆರಡೂ ಕೂಡದು. ನಲವತ್ತರಲ್ಲೂ ಬಸುರಾಗಬಹುದು, ಅಲ್ವಾ? ಮುಜುಗರ ಬಿಟ್ಟು ಕೇಳಿ. ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು ಅಂತ ಮೊದಲೇ ಹೇಳಿಬಿಡಿ.

ಕೊನೆಗೆ ಪಾರ್ಲರಿನಲ್ಲಿ ದಿನಾ ಕಾಣುವ ಒಂದು ಸಂಗತಿ. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿರುವುದನ್ನು ಕೊಳೆ ಅಂದುಕೊಂಡು ಉಜ್ಜಿಸಿಕೊಳ್ಳಲು ಬರುತ್ತಾರೆ. ಎಷ್ಟೋ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಸ್ಕ್ರಬ್ ಕೆಳಗಿಟ್ಟು, ಒಂದು ಸಲ ಶುಗರ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿ.